ಹಾಂಗ್‌ಕಾಂಗಿನ ಒಂದು ಬಿಟ್ಟಿ ವಾರಪತ್ರಿಕೆ: ಅದರ ಚರಿತ್ರೆಯೂ ಸಾಧನಮೌಲ್ಯವೂ

ದೇಶಚರಿತ್ರೆಯನ್ನು ಬರೆಯತಕ್ಕವರು ಶಿಲಾಶಾಸನ, ತಾಮ್ರಪಟ, ಓಲೆಯ ಗ್ರಂಥ, ಕಡತ, ನಾಣ್ಯ ಇವುಗಳನ್ನು ಸಾಧನಗಳೆಂದು ಎಣಿಸುವುದು ವಾಡಿಕೆ. ಮುದ್ರಣಯಂತ್ರವು ಬಂದಮೇಲೆ ವೃತ್ತಾಂತಪತ್ರಿಕೆಗಳೂ ಈ ಪಂಕ್ತಿಗೆ ಸೇರಿದುವು. ಆದರೆ ಕ್ರಯವಿಲ್ಲದೆ ಹಂಚಲ್ಪಟ್ಟು, ಓದಿದವನು ಕುಳಿತ ಮೇಜಿನ ಮೇಲೆಯೇ ಬಿಟ್ಟು ಹೋಗುವಂಥ ಪತ್ರಿಕೆಯನ್ನು ಆ ಪಂಕ್ತಿಯಲ್ಲಿ ಕೂರಿಸಲು ವಿದ್ವಾಂಸರು ಸುಲಭವಾಗಿ ಒಪ್ಪುವುದಿಲ್ಲ. ಊಟದ ಅಂಗಡಿ, ನಾಟಕ, ಸಂಗೀತ, ಉಡುಗೆತೊಡುಗೆ ಇವುಗಳ ವರದಿಗೂ ಚರಿತ್ರೆಗೂ ಏನು ಸಂಬಂಧವೆಂಬುದು ಅವರ ಪ್ರಶ್ನೆ. ಕ್ರಿ. ಶ. ೧೯೯೧ ರಿಂದ ೨೦೧೬ ರ ವರೆಗೆ ಹಾಂಗ್‌ಕಾಂಗ್ ನಗರದಲ್ಲಿ ಪ್ರಕಟವಾಗುತ್ತಿದ್ದ 'ಎಚ್‌ಕೆ ಮ್ಯಾಗಜೀನ್' ಎಂಬ ಆಂಗ್ಲಭಾಷೆಯ ಪತ್ರಿಕೆಯನ್ನು ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಶಬ್ದವಿಚಾರ. ಇಂಥ ಪತ್ರಿಕೆಯನ್ನು ಈಗಿನವರು 'ಉಚಿತ ಪತ್ರಿಕೆ' ಎನ್ನುವರು. ಸಂಸ್ಕೃತದಲ್ಲಿ ಉಚಿತವೆಂದರೆ ಯೋಗ್ಯ, ಯುಕ್ತ ಎಂದರ್ಥವೇ ಹೊರತು ಬೆಲೆಯಿಲ್ಲದ್ದೆಂದಲ್ಲ. ಈ ಎರಡನೆಯ ಅರ್ಥವು ಕನ್ನಡದ ರೂಢಿಯಲ್ಲಿ ಬಂದುದು. 'ಬಿಟ್ಟಿ' ಎಂಬ ಮಾತಾದರೋ ಸಂಸ್ಕೃತದ 'ವಿಷ್ಟಿ' ಶಬ್ದದ ತದ್ಭವ. ಕೂಲಿಯಿಲ್ಲದೆ ಮಾಡಿಸಿಕೊಳ್ಳುವ ಕೆಲಸವೆಂಬುದು ಅದರ ಮೂಲಾರ್ಥ. ನಮ್ಮ ಶಾಸನಗಳಲ್ಲಿಯೂ ಅದು ಆ ಅರ್ಥದಲ್ಲಿ ಬಂದಿದೆ. ಪಡೆಯುವವನು ಕೊಡದಿದ್ದರೂ ಮತ್ತೊಬ್ಬನು ತೆರಬೇಕಾಗುತ್ತದೆ ಎಂಬ ಧ್ವನಿ ಬಿಟ್ಟಿಯಲ್ಲಿ ಉಂಟು, ಉಚಿತದಲ್ಲಿ ಇಲ್ಲ. ಪ್ರಕೃತ ಪತ್ರಿಕೆಯ ಬದುಕೂ ಸಾವೂ ಈ 'ಮತ್ತೊಬ್ಬನ' ಕೈಯಲ್ಲಿಯೇ ಇದ್ದುದರಿಂದ ಇಲ್ಲಿ ಬಿಟ್ಟಿ ಎಂಬ ಶಬ್ದವನ್ನೇ ಬಳಸಲಾಗಿದೆ. ಇದರಲ್ಲಿ ನಿಂದೆಯ ಭಾವವಿಲ್ಲವೆಂದು ವಾಚಕರು ತಿಳಿಯಬೇಕು.

ಇನ್ನು ನಗರದ ಪೂರ್ವಕಥೆ. ೧೮೪೧ ರಲ್ಲಿ ಬ್ರಿಟಿಷರು ಹಾಂಗ್‌ಕಾಂಗ್ ದ್ವೀಪವನ್ನು ಹಿಡಿದರು. ೧೮೪೨ ರ ನಾನ್‌ಕಿಂಗ್ ಒಡಂಬಡಿಕೆಯಿಂದ ಅದು ಅವರದಾಯಿತು. ವರ್ತಕರು ಬಂದಲ್ಲಿಗೆ ಅಚ್ಚುಕೂಟವೂ ಬೇಗನೆ ಬಂದಿತು. ೧೮೪೫ ರಲ್ಲಿ ಹುಟ್ಟಿದ 'ಚೈನಾ ಮೈಲ್' ೧೯೭೪ ರ ವರೆಗೆ ಬಾಳಿತು. ೧೯೦೩ ರಲ್ಲಿ 'ಸೌತ್ ಚೈನಾ ಮಾರ್ನಿಂಗ್ ಪೋಸ್ಟ್' ಎಂಬ ದಿನಪತ್ರಿಕೆ ಪ್ರಾರಂಭವಾಯಿತು. ಅದು ಇಂದಿಗೂ ನಡೆಯುತ್ತಿದೆ. ೧೯೪೯ ರಲ್ಲಿ 'ಟೈಗರ್ ಸ್ಟ್ಯಾಂಡರ್ಡ್' ಹುಟ್ಟಿತು. ಇವೆಲ್ಲವೂ ಕ್ರಯವನ್ನು ಕೊಟ್ಟು ಕೊಳ್ಳತಕ್ಕ ಪತ್ರಿಕೆಗಳು. ಹಡಗುಗಳ ಆಗಮನಿರ್ಗಮನ, ಸರಕುಗಳ ದರ, ಸರ್ಕಾರದ ಆಜ್ಞೆಗಳು, ಸ್ವದೇಶದ ಸುದ್ದಿ, ಇವುಗಳನ್ನು ಬಯಸಿದ ವರ್ತಕರೂ ಅಧಿಕಾರಿಗಳೂ ಹಳೆಯ ಆಂಗ್ಲಪತ್ರಿಕೆಗಳ ಮುಖ್ಯ ಓದುಗರಾಗಿದ್ದರು.

ಆ ನಗರದಲ್ಲಿ ಆಂಗ್ಲಭಾಷೆಯ ಸ್ಥಾನವು ವಿಚಿತ್ರವಾದುದು. ೧೯೭೪ ರಲ್ಲಿ ಚೀನೀ ಭಾಷೆಗೂ ರಾಜಭಾಷೆಯ ಪದವಿ ದೊರೆಯುವ ತನಕ ಆಡಳಿತವೆಲ್ಲವೂ ಆಂಗ್ಲದಲ್ಲಿಯೇ ನಡೆಯುತ್ತಿತ್ತು. ಆದರೂ ಜನರ ಮನೆಮಾತು ಕ್ಯಾಂಟನೀಸ್. ೨೦೧೧ ರ ಜನಗಣತಿಯಂತೆ ನಗರದ ಜನಸಂಖ್ಯೆ ಸುಮಾರು ೭೦ ಲಕ್ಷ. ಅವರಲ್ಲಿ ಆಂಗ್ಲವನ್ನೇ ನಿತ್ಯಭಾಷೆಯಾಗಿ ಆಡುವವರು ನೂರಕ್ಕೆ ೩.೫ ಮಂದಿ ಮಾತ್ರ. ಎರಡನೆಯ ಭಾಷೆಯಾಗಿ ಬಲ್ಲವರನ್ನೂ ಸೇರಿಸಿದರೆ ನೂರಕ್ಕೆ ೪೬ ಮಂದಿ. ಈ ಎರಡು ಸಂಖ್ಯೆಗಳ ನಡುವಣ ಅಂತರವನ್ನು ಗಮನದಲ್ಲಿಟ್ಟರೆ ಬಿಟ್ಟಿ ಪತ್ರಿಕೆಯ ಉದಯಕ್ಕೆ ಕಾರಣವು ಸ್ಪಷ್ಟವಾಗುತ್ತದೆ. ಆಂಗ್ಲವನ್ನು ಓದಬಲ್ಲವರು ಬಹಳ. ಹಣ ಕೊಟ್ಟು ಆಂಗ್ಲಪತ್ರಿಕೆಯನ್ನು ತರಿಸುವವರು ಸ್ವಲ್ಪ. ಕೈಗೆ ತಾನಾಗಿ ಬಂದರೆ ಓದುವ ಈ ಮಧ್ಯದ ವರ್ಗಕ್ಕೆ ಸರಕನ್ನು ಮಾರಬಯಸುವ ಅಂಗಡಿಕಾರನೇ ಪತ್ರಿಕೆಯ ಬೆಲೆಯನ್ನು ತೆರಲು ಮುಂದೆ ಬಂದನು.

'ಎಚ್‌ಕೆ ಮ್ಯಾಗಜೀನ್' ೧೯೯೧ ರಲ್ಲಿ ಆರಂಭವಾಯಿತು. ಇದರ ಪ್ರಕಾಶಕಸಂಸ್ಥೆಯು ಮುಂದೆ ಸಿಂಗಪುರ, ಬ್ಯಾಂಕಾಕ್ ನಗರಗಳಲ್ಲಿಯೂ ಇದೇ ಬಗೆಯ ಪತ್ರಿಕೆಗಳನ್ನು ಹೊರಡಿಸಿತು. ನಗರಪತ್ರಿಕೆಯನ್ನು ಬೆಲೆಯಿಲ್ಲದೆ ಹಂಚುವ ಪದ್ಧತಿಗೆ ಅಮೆರಿಕದಲ್ಲಿ ಪೂರ್ವೋದಾಹರಣೆ ಉಂಟು. ಶಿಕಾಗೋ ನಗರದ 'ರೀಡರ್' ೧೯೭೧ ರಿಂದಲೇ ಹೀಗೆ ನಡೆದಿತ್ತು. ಆದರೆ ಬಿಟ್ಟಿ ದಿನಪತ್ರಿಕೆಗಳ ಕಾಲವು ಇನ್ನೂ ಬಂದಿರಲಿಲ್ಲ. ಸ್ಟಾಕ್‌ಹೋಮಿನಲ್ಲಿ 'ಮೆಟ್ರೋ' ಹೊರಟುದು ೧೯೯೫ ರಲ್ಲಿ; ಅದರ ಹಾಂಗ್‌ಕಾಂಗ್ ಶಾಖೆಯು ಚೀನೀ ಭಾಷೆಯಲ್ಲಿ ಕಾಣಿಸಿಕೊಂಡುದು ೨೦೦೨ ರಲ್ಲಿ. ಮೇಲೆ ಹೇಳಿದ 'ಸ್ಟ್ಯಾಂಡರ್ಡ್' ಪತ್ರಿಕೆಯೂ ೨೦೦೭ ರಲ್ಲಿ ಕ್ರಯವನ್ನು ಬಿಟ್ಟು ಬಿಟ್ಟಿಯಾಯಿತು. ಆದಕಾರಣ ಆ ನಗರದಲ್ಲಿ ಈ ಮಾರ್ಗವನ್ನು ತುಳಿದವರಲ್ಲಿ 'ಎಚ್‌ಕೆ ಮ್ಯಾಗಜೀನ್' ಮುಂಚಿನದೆಂದು ಹೇಳಲು ಅಡ್ಡಿಯಿಲ್ಲ.

ವಾರಪತ್ರಿಕೆಯಾದ ಮೇಲೆ ಇದರ ಕ್ರಮ ಹೀಗಿತ್ತು. ಕಾಫಿಯ ಅಂಗಡಿ, ಭೋಜನಶಾಲೆ, ಪಾನಶಾಲೆ, ಪುಸ್ತಕದ ಅಂಗಡಿ ಇವುಗಳ ಬಾಗಿಲಲ್ಲಿ ಪ್ರತಿಗಳ ಅಟ್ಟಿಯನ್ನು ಇಡುವರು. ಬೇಕಾದವನು ಒಂದನ್ನು ಎತ್ತಿಕೊಂಡು ಹೋಗುವನು. ಒಳಗೆ ಆ ವಾರದ ನಾಟಕ, ಚಲಚ್ಚಿತ್ರ, ಸಂಗೀತಗೋಷ್ಠಿಗಳ ಪಟ್ಟಿ; ಹೊಸ ಭೋಜನಶಾಲೆಗಳ ವಿಮರ್ಶೆ; ನಗರದ ಆಡಳಿತವನ್ನೂ ದೊಡ್ಡ ಮನುಷ್ಯರನ್ನೂ ಕುಟುಕುವ ಹಾಸ್ಯಲೇಖನ; ಊರಿನ ಹಳೆಯ ಸಂಗತಿಗಳನ್ನು ಕುರಿತು ವಾಚಕರು ಕೇಳಿದ ಪ್ರಶ್ನೆಗಳಿಗೆ ಉತ್ತರ; ಇವುಗಳ ಸುತ್ತಲೂ ಜಾಹೀರಾತು. ವಾಚಕನಿಂದ ಬಿಡಿಕಾಸೂ ಬರುತ್ತಿರಲಿಲ್ಲವಾದುದರಿಂದ ಕಾಗದ, ಮಸಿ, ಮುದ್ರಣ, ಸಾಗಾಟ, ಲೇಖಕರ ಸಂಬಳ ಎಲ್ಲವೂ ಜಾಹೀರಾತಿನಿಂದಲೇ ಹುಟ್ಟಬೇಕಾಗಿತ್ತು. ಜಾಹೀರಾತು ಕೊಟ್ಟವನು ಆ ವೆಚ್ಚವನ್ನು ತನ್ನ ಸರಕಿನ ಬೆಲೆಯಲ್ಲಿ ಕೂಡಿಸಿಕೊಳ್ಳುವನು. ಹೀಗೆ ಕಡೆಗೆ ತೆರುವವನು ಊಟಮಾಡಿದ ಗಿರಾಕಿಯೇ. ಪತ್ರಿಕೆಯನ್ನು ಓದದವನೂ ಓದುವವನ ಪಾಲನ್ನು ಕೊಟ್ಟಂತಾಯಿತು.

ಈ ಪತ್ರಿಕೆಯ ಇಪ್ಪತ್ತೈದು ವರ್ಷಗಳು ನಗರದ ಚರಿತ್ರೆಯಲ್ಲಿ ಸಾಮಾನ್ಯವಾದ ವರ್ಷಗಳಲ್ಲ. ೧೯೯೭ ನೆಯ ಜುಲೈ ೧ ರಂದು ನಗರವು ಬ್ರಿಟಿಷರ ಕೈಯಿಂದ ಚೀನಾಕ್ಕೆ ಸೇರಿತು. ೨೦೦೩ ರಲ್ಲಿ ಸಾರ್ಸ್ ಎಂಬ ಶ್ವಾಸರೋಗವು ಹರಡಿ ೨೯೯ ಮಂದಿಯನ್ನು ಅಲ್ಲಿ ಬಲಿ ತೆಗೆದುಕೊಂಡಿತು. ೨೦೦೬ ರಲ್ಲಿ, ಜನರ ಪ್ರತಿಭಟನೆಯ ನಡುವೆಯೇ, ಸ್ಟಾರ್ ಫೆರಿಯ ಹಳೆಯ ದೋಣಿಗಟ್ಟೆಯನ್ನು ಕೆಡವಿದರು. ೨೦೧೪ ರಲ್ಲಿ ಜನರು ೭೯ ದಿನಗಳ ಕಾಲ ಬೀದಿಗಳಲ್ಲಿ ಕುಳಿತರು. ಈ ದೊಡ್ಡ ಸಂಗತಿಗಳನ್ನು ದಿನಪತ್ರಿಕೆಗಳೂ ಸರ್ಕಾರದ ದಾಖಲೆಗಳೂ ಬರೆದಿಟ್ಟಿವೆ. ಆದರೆ ಆ ಕಾಲಗಳಲ್ಲಿ ಸಾಮಾನ್ಯರು ಸಂಜೆಯನ್ನು ಎಲ್ಲಿ ಕಳೆದರು, ಒಂದು ಊಟಕ್ಕೆ ಎಷ್ಟು ಕೊಟ್ಟರು, ಯಾವ ಬೀದಿಯಲ್ಲಿ ಯಾವ ಅಂಗಡಿ ಮುಚ್ಚಿ ಯಾವುದು ತೆರೆಯಿತು, ಜನರು ಯಾವುದನ್ನು ನೋಡಿ ನಕ್ಕರು ಎಂಬುದನ್ನು ವಾರವಾರವೂ ಬಿಡದೆ ಗುರುತಿಸುವುದು ಇಂಥ ಪತ್ರಿಕೆಯ ನಿತ್ಯದ ಕೆಲಸವಾಗಿತ್ತು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಜಾಹೀರಾತುಗಾರನ ಅನ್ನವನ್ನುಂಡ ಪತ್ರಿಕೆ ಅವನನ್ನೇ ಹೊಗಳುವುದು ಸಹಜ. ಆದುದರಿಂದ ಅದರ ಮಾತು ಪ್ರಮಾಣವಾಗಲಾರದು ಎಂಬುದು ಆ ಪಕ್ಷ. ಮತ್ತೊಂದು ಆಕ್ಷೇಪವೂ ಉಂಟು. ಆಂಗ್ಲವನ್ನು ಬಲ್ಲ, ಭೋಜನಶಾಲೆಗೆ ಹೋಗಲು ಶಕ್ತರಾದ ವರ್ಗದವರ ಬಾಳನ್ನು ಮಾತ್ರ ಇದು ತೋರಿಸುತ್ತದೆ. ಚೀನೀ ಭಾಷೆಯನ್ನಾಡುವ ಬಹುಜನರ ಮನೆಯೊಳಗಣ ವಾರ್ತೆ ಇದರಲ್ಲಿಲ್ಲ ಎಂಬುದು.

ಎರಡನೆಯ ಆಕ್ಷೇಪವನ್ನು ಒಪ್ಪಲೇಬೇಕು. ಯಾವ ಸಾಧನವೂ ತನ್ನ ಎಲ್ಲೆಯನ್ನು ಮೀರಿ ಸಾಕ್ಷಿ ಹೇಳಲಾರದು. ಆ ಎಲ್ಲೆಯನ್ನು ಅರಿತು ಬಳಸುವುದೇ ಪರೀಕ್ಷಕನ ಧರ್ಮ. ಮೊದಲನೆಯ ಆಕ್ಷೇಪಕ್ಕೆ ಸಮಾಧಾನವನ್ನು ನಮ್ಮ ಶಾಸನಶಾಸ್ತ್ರವೇ ಒದಗಿಸುತ್ತದೆ. ದಾನಶಾಸನದ ಪ್ರಶಸ್ತಿಭಾಗದಲ್ಲಿ ಕವಿಯು ಅರಸನನ್ನು ಆಕಾಶಕ್ಕೇರಿಸುತ್ತಾನೆ. ಆ ವರ್ಣನೆಯನ್ನು ನಾವು ಅಕ್ಷರಶಃ ನಂಬುವುದಿಲ್ಲ. ಆದರೆ ಅದೇ ಶಾಸನದಲ್ಲಿ ಮುಂದೆ ಬರುವ ಹೊಲದ ಎಲ್ಲೆ, ಕೆರೆಯ ಹೆಸರು, ಅಳತೆಯ ಕೋಲು, ತೆರಿಗೆಯ ಬಗೆ, ಸಾಕ್ಷಿಗಳ ಊರು ಇವುಗಳನ್ನು ಬಹುಮಟ್ಟಿಗೆ ನಂಬುತ್ತೇವೆ. ಏಕೆಂದರೆ ಅವುಗಳಲ್ಲಿ ಸುಳ್ಳು ಹೇಳಿದ್ದರೆ ದಾನವೇ ಕೆಡುತ್ತಿತ್ತು. ಬಿಟ್ಟಿ ಪತ್ರಿಕೆಯಲ್ಲಿಯೂ ಹೀಗೆಯೇ. 'ಅತ್ಯುತ್ತಮ ಭೋಜನ' ಎಂಬ ಹೊಗಳಿಕೆ ಪ್ರಶಸ್ತಿಭಾಗ, ಅದನ್ನು ಬದಿಗಿಡಬಹುದು. ಅಂಗಡಿಯ ವಿಳಾಸ, ತೆರೆಯುವ ವೇಳೆ, ತಿಂಡಿಯ ಬೆಲೆ, ನಾಟಕದ ತಾರೀಖು, ಇವು ಎಲ್ಲೆಯ ಭಾಗ. ಇವು ತಪ್ಪಾಗಿದ್ದರೆ ಗಿರಾಕಿಯು ಬಾಗಿಲಿಗೆ ಬಂದು ಹಿಂದಿರುಗುತ್ತಿದ್ದನು. ಜಾಹೀರಾತಿಗೆ ಹಣ ಕೊಟ್ಟವನೇ ತಪ್ಪನ್ನು ಸಹಿಸುತ್ತಿರಲಿಲ್ಲ. ಹೀಗೆ ಪತ್ರಿಕೆಯ ಪ್ರಾಮಾಣ್ಯವನ್ನು ಕುಂದಿಸುವುದೆಂದು ಹೇಳಿದ ಜಾಹೀರಾತೇ ಅದರ ಒಂದು ಭಾಗಕ್ಕೆ ಹೊಣೆಯಾಗಿ ನಿಲ್ಲುತ್ತದೆ.

ಇನ್ನು ಪತ್ರಿಕೆಯ ಅವಸಾನ. ಜಾಹೀರಾತುಗಳು ಕಾಗದವನ್ನು ಬಿಟ್ಟು ಅಂತರ್ಜಾಲಕ್ಕೆ ಹರಿಯತೊಡಗಿದಂತೆ ಬಿಟ್ಟಿ ಪತ್ರಿಕೆಗಳ ಬೇರು ಎಲ್ಲೆಡೆಯೂ ಒಣಗಿತು. ವಾಚಕನಿಂದ ಬರುವ ಕ್ರಯವೆಂಬ ಎರಡನೆಯ ಬೇರು ಅವುಗಳಿಗೆ ಇರಲಿಲ್ಲ. ೨೦೧೩ ರಲ್ಲಿ 'ಎಚ್‌ಕೆ ಮ್ಯಾಗಜೀನ'ನ್ನು ಸೌತ್ ಚೈನಾ ಮಾರ್ನಿಂಗ್ ಪೋಸ್ಟಿನ ಸಂಸ್ಥೆಯು ಕೊಂಡಿತು. ೨೦೧೬ ರಲ್ಲಿ ಆ ದಿನಪತ್ರಿಕೆಯೇ ಚೀನಾದ ಅಲಿಬಾಬಾ ವರ್ತಕಸಂಸ್ಥೆಯ ಒಡೆತನಕ್ಕೆ ಬಂದಿತು. ಅದೇ ವರ್ಷ ದಿನಪತ್ರಿಕೆಯು ತನ್ನ ಅಂತರ್ಜಾಲದ ಪುಟಗಳನ್ನು ಕ್ರಯವಿಲ್ಲದೆ ಎಲ್ಲರಿಗೂ ತೆರೆಯಿತು. ೨೦೨೦ ರಲ್ಲಿ ಪುನಃ ಕ್ರಯವನ್ನು ಗೊತ್ತುಮಾಡಿತು. ಬಿಟ್ಟಿ ವಾರಪತ್ರಿಕೆಯ ಕಡೆಯ ಸಂಚಿಕೆಯಾದರೋ ೨೦೧೬ ನೆಯ ಅಕ್ಟೋಬರ್ ೭, ಶುಕ್ರವಾರ ಹೊರಬಿದ್ದಿತು.

ಪತ್ರಿಕೆ ನಿಂತುದು ದೊಡ್ಡ ಆಶ್ಚರ್ಯವಲ್ಲ. ಅನೇಕ ಪತ್ರಿಕೆಗಳು ನಿಂತಿವೆ. ಚರಿತ್ರಕಾರನು ಬೆಚ್ಚಬೇಕಾದ ಸಂಗತಿ ಬೇರೆ. ಪತ್ರಿಕೆಯೊಡನೆ ಅದರ ಅಂತರ್ಜಾಲದ ನಿವೇಶನವನ್ನೂ ಅಳಿಸಿಬಿಡುವುದೆಂದು ಆಗ ತಿಳಿಸಲಾಗಿತ್ತು. ಪತ್ರಕರ್ತರು ಇದನ್ನು ಆಕ್ಷೇಪಿಸಿದರು. ಹಾಂಗ್‌ಕಾಂಗ್ ಪತ್ರಕರ್ತರ ಸಂಘವು ಒಡೆಯರನ್ನು ವಿಚಾರಿಸಿತು. ಆ ಮೇಲೆ, ಬರಹಗಳನ್ನು ದಿನಪತ್ರಿಕೆಯ ನಿವೇಶನಕ್ಕೆ ಸಾಗಿಸಿದ ತರುವಾಯವೇ ಹಳೆಯದನ್ನು ತೆಗೆಯಲಾಗುವುದೆಂದು ಸಂಸ್ಥೆಯು ಸ್ಪಷ್ಟಪಡಿಸಿತು. ಇಂಥ ಸಾಗಾಟದಲ್ಲಿ ಲೇಖನದ ಮಾತುಗಳು ಉಳಿಯಬಹುದು. ಮುದ್ರಿತ ಪುಟದ ವಿನ್ಯಾಸವೂ, ಲೇಖನದ ಪಕ್ಕದಲ್ಲಿದ್ದ ಜಾಹೀರಾತೂ ಸಾಮಾನ್ಯವಾಗಿ ಉಳಿಯುವುದಿಲ್ಲ. ಅಂದರೆ, ಮೇಲೆ ನಾವು ಎಲ್ಲೆಯ ಭಾಗವೆಂದು ಕರೆದುದರಲ್ಲಿ ಬಹಳವು ಮೊದಲು ಹೋಗುತ್ತದೆ, ಪ್ರಶಸ್ತಿಯು ನಿಲ್ಲುತ್ತದೆ.

ಈ ಪ್ರಸಂಗದಲ್ಲಿ ಕನ್ನಡಿಗರಿಗೆ ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪು ಬಾರದಿರದು. ಹತ್ತನೆಯ ಶತಮಾನದಲ್ಲಿ ಆ ಸಾಧ್ವಿಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿ. ಅವಳ ದಾನವು ಪುಣ್ಯಾರ್ಥ. ಇಲ್ಲಿನ ಹಂಚಿಕೆ ಲಾಭಾರ್ಥ. ಉದ್ದೇಶದಲ್ಲಿ ಎರಡಕ್ಕೂ ಹೋಲಿಕೆಯಿಲ್ಲ. ಆದರೆ ಫಲದಲ್ಲಿ ಒಂದು ನ್ಯಾಯವು ಸಮಾನವಾಗಿದೆ: ಪ್ರತಿಗಳು ಹಲವಾಗಿ, ಹಲವರ ಮನೆ ಸೇರಿದರೆ, ಬೆಂಕಿ, ನೀರು, ಹುಳು ಇವು ಒಂದನ್ನು ತಿಂದರೂ ಮತ್ತೊಂದು ಉಳಿಯುತ್ತದೆ. ವಾರವಾರವೂ ಅಟ್ಟಿಯಾಗಿ ಬಂದ ಕಾಗದದ ಪತ್ರಿಕೆಗೆ ಈ ರಕ್ಷೆ ಇತ್ತು. ಯಾರೋ ಒಬ್ಬನ ಪೆಟ್ಟಿಗೆಯ ತಳದಲ್ಲಿ ಹಾಸಿದ ಸಂಚಿಕೆಯಾದರೂ ಉಳಿಯುವ ಆಸೆಯಿತ್ತು. ಅಂತರ್ಜಾಲದ ಪುಟವನ್ನು ಲಕ್ಷ ಜನರು ಓದಿದರೂ, ಬೇರೆಯವರು ನಕಲು ಮಾಡಿಡದಿದ್ದರೆ, ಅದು ಒಬ್ಬ ಒಡೆಯನ ಬಳಿಯಿರುವ ಒಂದೇ ಪ್ರತಿ. ಓದುಗರ ಸಂಖ್ಯೆಯನ್ನು ಪ್ರತಿಗಳ ಸಂಖ್ಯೆಯೆಂದು ಭ್ರಮಿಸುವುದು ನಮ್ಮ ಕಾಲದ ದೊಡ್ಡ ತಪ್ಪು.

ಇದರಿಂದ ಸಿದ್ಧವಾಗುವುದೇನೆಂದರೆ: ಬೆಲೆಯಿಲ್ಲದ ಪತ್ರಿಕೆಯು ನಗರದ ನಿತ್ಯಜೀವನಕ್ಕೆ ಉತ್ತಮ ಸಾಧನ, ಅದರ ಪ್ರಶಸ್ತಿಯನ್ನು ಕಳೆದು ಎಲ್ಲೆಯನ್ನು ಸ್ವೀಕರಿಸಿದರೆ ಅದು ನಂಬಿಕೆಗೂ ಅರ್ಹ. ಆದರೆ ಹಣ ಕೊಟ್ಟು ಕೊಂಡವನಿಗೆ ತನ್ನ ವಸ್ತುವಿನ ಮೇಲೆ ಇರುವ ಮಮತೆ ಬಿಟ್ಟಿಯಾಗಿ ಎತ್ತಿಕೊಂಡವನಿಗೆ ಇರುವುದಿಲ್ಲ. ಜಾಹೀರಾತುಗಾರನಿಗೆ ವಾರವು ಕಳೆದಮೇಲೆ ಅದರಿಂದ ಪ್ರಯೋಜನವಿಲ್ಲ. ಪ್ರಕಾಶಕನಿಗೆ ನಷ್ಟ ಬಂದಮೇಲೆ ಆಸಕ್ತಿಯಿಲ್ಲ. ಈ ಮೂವರೂ ಕೈಬಿಟ್ಟುದನ್ನು ಕಾಪಾಡತಕ್ಕವರು ಗ್ರಂಥಭಂಡಾರಗಳೂ ವಿದ್ವತ್ಸಭೆಗಳೂ ಅಲ್ಲದೆ ಮತ್ತಾರು? ಬಿಟ್ಟಿ ಪತ್ರಿಕೆಯ ಒಂದು ಪೂರ್ಣ ಸಂಪುಟವನ್ನು, ಜಾಹೀರಾತಿನ ಒಂದು ಪುಟವನ್ನೂ ಹರಿಯದೆ, ಪತ್ರಿಕೆಯು ಬದುಕಿರುವಾಗಲೇ ಕಟ್ಟಿಸಿಡುವುದು ಹೆಚ್ಚು ವೆಚ್ಚದ ಕೆಲಸವಲ್ಲ. ಅದು ನಿಂತಮೇಲೆ ಹುಡುಕುವುದು ಕಷ್ಟ. ಹಾಂಗ್‌ಕಾಂಗಿನಲ್ಲಿ ೨೦೧೬ ರಲ್ಲಿ ಕೆಲವರು ಕೂಗಿದುದರಿಂದ ಒಂದಿಷ್ಟು ಉಳಿಯಿತು. ಕೂಗುವವರು ಇಲ್ಲದ ಊರುಗಳಲ್ಲಿ ಏನು ಉಳಿದೀತೆಂಬುದನ್ನು ವಿದ್ವಜ್ಜನರು ಚಿಂತಿಸಬೇಕೆಂದು ಕೋರಿ ಈ ಲೇಖನವನ್ನು ಮುಗಿಸುತ್ತೇನೆ.