ಸೂರಿನ ಕೆಳಗಿನ ನೆಲ

ಬೀದರಿನಲ್ಲಿ ಆದಿವಾಸಿಗಳು ಎಲ್ಲಿದ್ದಾರೆ ಎಂದು ಮೈಸೂರು ಕಡೆಯ ಗೆಳತಿಯರು ಕೇಳುವುದುಂಟು. ಅವರಿಗೆ ಆದಿವಾಸಿ ಎಂದರೆ ನಾಗರಹೊಳೆಯ ಜೇನುಕುರುಬರು, ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ನಮ್ಮಲ್ಲಿ ಅಂಥ ಕಾಡಿಲ್ಲ. ತೊಗರಿ, ಜೋಳ, ಕಬ್ಬಿನ ಬಯಲು. ಆದರೂ 2011ರ ಜನಗಣತಿಯ ಪ್ರಕಾರ ಜಿಲ್ಲೆಯ ನೂರು ಜನರಲ್ಲಿ ಸುಮಾರು 14 ಜನ ಪರಿಶಿಷ್ಟ ಪಂಗಡದವರು. ಇಡೀ ರಾಜ್ಯಕ್ಕೆ ಈ ಪ್ರಮಾಣ 7. ಗೊಂಡರು, ಟೋಕರೆ ಕೋಳಿಗಳು ಇದರಲ್ಲಿ ಬರುತ್ತಾರೆ. ಔರಾದ, ಭಾಲ್ಕಿ ತಾಲ್ಲೂಕಿನ ತಾಂಡಾಗಳ ಲಂಬಾಣಿಗರು ಮಾತ್ರ ಬರುವುದಿಲ್ಲ.

ಅದೊಂದು ವಿಚಿತ್ರ ಕಥೆ. 1956ರ ನವೆಂಬರ್ 1ರವರೆಗೆ ನಾವೆಲ್ಲ ಹೈದರಾಬಾದ್ ರಾಜ್ಯದವರು. ಅಂದು ಬೀದರ್ ಜಿಲ್ಲೆ ಒಡೆಯಿತು. ಉದಗೀರ ಮುಂಬಯಿ ರಾಜ್ಯಕ್ಕೆ, ನಾರಾಯಣಖೇಡ ಆಂಧ್ರಕ್ಕೆ ಹೋದವು, ನಾವು ಮೈಸೂರಿಗೆ ಬಂದೆವು. ಔರಾದ ಮೂರು ರಾಜ್ಯಗಳ ಮೂಲೆಯಾಯಿತು. ಬಳಿಕ 1976ರಲ್ಲಿ ಸಂಸತ್ತು ಪರಿಶಿಷ್ಟರ ಪಟ್ಟಿಗಳನ್ನು ತಿದ್ದಿತು. ಆ ಒಂದೇ ಕಾಯ್ದೆಯಿಂದ ಲಂಬಾಣಿಗರು ಆಚೆಯ ತೆಲಂಗಾಣ ಭಾಗದಲ್ಲಿ ಪರಿಶಿಷ್ಟ ಪಂಗಡವಾದರು, ಈಚೆ ನಮ್ಮಲ್ಲಿ ಪರಿಶಿಷ್ಟ ಜಾತಿಯಾದರು. ಮಹಾರಾಷ್ಟ್ರದಲ್ಲಿ ಎರಡೂ ಅಲ್ಲ, ವಿಮುಕ್ತ ಜಾತಿ. ನಾಯಕ, ಕಾರಭಾರಿ, ಸೇವಾಲಾಲರ ಭಕ್ತಿ, ಹೆಂಗಸರ ಕನ್ನಡಿ ಹಚ್ಚಿದ ಫೇಟಿಯಾ, ಕಾಂಚಳಿ ಎಲ್ಲ ಒಂದೇ; ಸರ್ಕಾರದ ಖಾನೆ ಬೇರೆ ಬೇರೆ.

ಗಂಡಸರಿಗಿಂತ ಇದು ಹೆಂಗಸರಿಗೇ ಹೆಚ್ಚು ತಟ್ಟುತ್ತದೆ, ಏಕೆಂದರೆ ಗಡಿ ದಾಟಿ ಸಂಸಾರಕ್ಕೆ ಬರುವವರು ಅವರು. ಒಂದು ರಾಜ್ಯದ ಪಟ್ಟಿಯ ಸೌಲಭ್ಯವನ್ನು ಮತ್ತೊಂದು ರಾಜ್ಯಕ್ಕೆ ವಲಸೆ ಹೋದವರು ಅಲ್ಲಿ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿದೆ. ನಾರಾಯಣಖೇಡದಿಂದ ಔರಾದಿಗೆ ಬಂದ ಸೊಸೆ ತವರಿನ ಜಾತಿ ಪ್ರಮಾಣಪತ್ರವನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಬೇಕು.

ಇನ್ನು ಮನೆಯ ಮಾತು. ದೇವರಾಜ ಅರಸರ ಕಾಲದ ಜನತಾ ಮನೆಗಳನ್ನು ನಮ್ಮ ತಲೆಮಾರಿನವರು ನೋಡಿದ್ದೇವೆ. 1985–86ರಲ್ಲಿ ಇಂದಿರಾ ಆವಾಸ್ ಬಂತು. ಮೊದಮೊದಲು ಅದು ಪರಿಶಿಷ್ಟರಿಗೆ, ಜೀತದಿಂದ ಬಿಡುಗಡೆಯಾದವರಿಗೆ ಮಾತ್ರ; 1993ರ ನಂತರ ಇತರ ಬಡವರಿಗೂ ವಿಸ್ತರಿಸಿತು. 1991–92ರಲ್ಲಿ ನಮ್ಮ ರಾಜ್ಯದ ಆಶ್ರಯ ಯೋಜನೆ ಬಂತು. ಇಂದಿರಾ ಆವಾಸ್‌ನಲ್ಲಿ ನನಗೆ ಮೆಚ್ಚಿಗೆಯಾದದ್ದು ಒಂದು ನಿಯಮ: ಮನೆ ಹೆಂಡತಿಯ ಹೆಸರಿನಲ್ಲಿ, ಇಲ್ಲವೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಇರಬೇಕು. ಹೊಗೆಯಿಲ್ಲದ ಒಲೆ, ಪಾಯಖಾನೆಯೂ ಅದರ ಲೆಕ್ಕದಲ್ಲಿದ್ದವು. ಓದಿದ ನಮ್ಮ ಎಷ್ಟು ಮನೆಗಳ ಖಾತೆ ನಮ್ಮ ಹೆಸರಿನಲ್ಲಿದೆ, ನೀವೇ ಹೇಳಿ.

ಆದರೆ ಮನೆಗೆ ನೆಲ ಬೇಕಲ್ಲ? ತಾಂಡಾ ಎಂದರೆ ಸಾಮಾನ್ಯವಾಗಿ ಊರಿನಿಂದ ದೂರ, ಯಾರದೋ ಹೊಲದ ಅಂಚಿನಲ್ಲಿ ಅಥವಾ ಸರ್ಕಾರಿ ಜಮೀನಿನಲ್ಲಿ ನೆಲೆಸಿದ ಗುಂಪು. ಎಷ್ಟೋ ತಾಂಡಾಗಳು ಗಾಂವಠಾಣದ ಹೊರಗೆ ಇದ್ದವು. ಪಹಣಿಯಲ್ಲಿ ಅದು ಹೊಲ, ಕಣ್ಣಿಗೆ ಕಾಣುವುದು ಓಣಿ. 2010ರಲ್ಲಿ ಜನಗಣತಿಯ ಮನೆಪಟ್ಟಿ ಮಾಡಲು ಮಾಸ್ತರರೊಂದಿಗೆ ನಾವು ಟೀಚರುಗಳೂ ತಿರುಗಿದೆವು. ಗೋಡೆ ಯಾವುದರದು, ಚಾವಣಿ ಯಾವುದರದು, ಮನೆ ಸ್ವಂತದ್ದೋ ಬಾಡಿಗೆಯದೋ ಎಂದು ಕೇಳಿ ಬರೆಯಬೇಕಿತ್ತು. ಔರಾದ ಕಡೆಯ ಒಂದು ತಾಂಡಾದಲ್ಲಿ ತಗಡಿನ ಮನೆಯ ಹೆಣ್ಣುಮಗಳು, “ಮನಿ ನಮ್ದೇ ಅದ ರೀ ಟೀಚರ್, ಜಾಗಾ ಯಾರ್ದಂತ ಮಾತ್ರ ಕೇಳಬ್ಯಾಡ್ರಿ” ಅಂದಳು. ಸ್ವಂತದ್ದು ಎಂದು ಬರೆದೆ. ಜಾಗದ ಬಗ್ಗೆ ಬರೆಯಲು ಖಾನೆಯೇ ಇರಲಿಲ್ಲ.

ನೆಲ ಯಾರದೆಂದು ತೋರಿಸಲು ಕಾಗದವಿಲ್ಲದವರಿಗೆ ಮನೆ ಮಂಜೂರಾಗುವುದು ಕಷ್ಟ. ಇಂದಿರಾ ಆವಾಸ್‌ನಲ್ಲಿ ನಿವೇಶನ ಕೊಳ್ಳಲು ಹಣ ಸೇರಿದ್ದು 2009ರಲ್ಲಿ, ಅದೂ 10,000 ರೂಪಾಯಿ. ಯೋಜನೆ ಹುಟ್ಟಿ ಸುಮಾರು ಕಾಲು ಶತಮಾನ ಕಳೆದಿತ್ತು!

ಮಂಜೂರಾದವರ ಪಾಡು ಬೇರೆ. 1996ರಲ್ಲಿ ಬಯಲು ಸೀಮೆಯ ಮನೆಗೆ 20,000 ರೂಪಾಯಿ ಇತ್ತು. 2016ರಲ್ಲಿ ಇಂದಿರಾ ಆವಾಸ್ ಪ್ರಧಾನಮಂತ್ರಿ ಆವಾಸ್ ಆದಾಗ 1,20,000 ಆಯಿತು. ತಳಪಾಯ, ಕಿಟಕಿಯ ಮೇಲಿನ ಮಟ್ಟ, ಚಾವಣಿ, ಪೂರ್ಣ ಎಂದು ಹಂತ ಹಂತವಾಗಿ ಫೋಟೋ ತೆಗೆದ ಮೇಲೆ ಕಂತು. ಬೀದರ್ ಪಟ್ಟಣದ ಸುತ್ತ ಕೆಂಪುಕಲ್ಲಿನ ಗಟ್ಟಿ ನೆಲ. ಭಾಲ್ಕಿ, ಔರಾದದ ಎರೆಮಣ್ಣು ಹಾಗಲ್ಲ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ತಳಪಾಯ ಆಳಕ್ಕೆ ಒಯ್ಯದಿದ್ದರೆ ಗೋಡೆ ಸೀಳುತ್ತದೆ. ಆಳಕ್ಕೆ ಒಯ್ದರೆ ಮೊದಲ ಕಂತು ಮಣ್ಣಿನಲ್ಲೇ ಮುಗಿಯುತ್ತದೆ. ಮುಂದಿನದಕ್ಕೆ ಸಾಲ, ಸಾಲ ತೀರಿಸಲು ಹೈದರಾಬಾದಿಗೋ ಪುಣೆಗೋ ದುಡಿಯಲು ಹೋಗಬೇಕು. ನಮ್ಮ ಪಟ್ಟಣದ ಮನೆಗಳಿಗೆ ತಲೆಯ ಮೇಲೆ ಕಾಂಕ್ರೀಟ್ ಪುಟ್ಟಿ ಹೊತ್ತವರಲ್ಲೂ ಈ ಹೆಣ್ಣುಮಕ್ಕಳಿದ್ದಾರೆ.

ನೆಲದ ಪ್ರಶ್ನೆಗೆ ಕಾನೂನು ತಡವಾಗಿ ಬಂತು. ಯಾರದೋ ಹೊಲದಲ್ಲಿ ಗುಡಿಸಲು ಹಾಕಿದ ಕೂಲಿಕಾರನಿಗೆ ಆ ಜಾಗದ ಹಕ್ಕು ಕೊಡುವ ಕಲಮು 38 ಭೂಸುಧಾರಣೆ ಕಾಯ್ದೆಯಲ್ಲಿತ್ತು. ದಾಖಲೆಯಿಲ್ಲದ ತಾಂಡಾ, ಹಟ್ಟಿಗಳ ವಾಸಿಗಳಿಗೆ 38ಎ ಎಂಬ ಕಲಮು 2017ರಲ್ಲಿ ಜಾರಿಯಾಯಿತು. ಆಮೇಲೆ ತಾಂಡಾಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸತೊಡಗಿದರು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ ಸುಮಾರು 50,000 ಕುಟುಂಬಗಳಿಗೆ 2023ರ ಜನವರಿ 19ರಂದು ಮಳಖೇಡದಲ್ಲಿ ಹಕ್ಕುಪತ್ರ ಹಂಚಿದರು, ಪ್ರಧಾನಿಯೇ ಬಂದಿದ್ದರು. 2025ರ ಮೇ 20ರಂದು ಹೊಸಪೇಟೆಯಲ್ಲಿ ರಾಜ್ಯ ಸರ್ಕಾರ ಒಂದು ಲಕ್ಷಕ್ಕೂ ಹೆಚ್ಚು ಹಕ್ಕುಪತ್ರ ಕೊಟ್ಟಿತು. ಪಕ್ಷಗಳು ಬೇರೆ, ಕಾಗದ ಒಂದೇ.

ಆ ಕಾಗದ ಬಂದ ಮನೆಗಳಲ್ಲಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ರೇಷನ್ ಕಾರ್ಡಿನ ಜೊತೆ ಜೋಳದ ಡಬ್ಬಿಯೊಳಗೆ ಇಟ್ಟಿರುತ್ತಾರೆ. ತಗಡು ಸೋರಿದರೂ ಡಬ್ಬಿಗೆ ನೀರು ಹೋಗುವುದಿಲ್ಲ.