ಕರಾಚಿ–ಮುಂಬಯಿ: ಒಂದು ಫಾಸ್ಲೆಯ ಚರಿತ್ರೆ

ಉರ್ದುವಿನಲ್ಲಿ ‘ಫಾಸ್ಲಾ’ ಎಂಬ ಮಾತಿದೆ. ಊರುಗಳ ನಡುವಿನ ದೂರಕ್ಕೂ ಮನಸ್ಸುಗಳ ನಡುವಿನ ದೂರಕ್ಕೂ ಅದೇ ಮಾತು. ಕರಾಚಿ ಮತ್ತು ಮುಂಬಯಿಯ ವಿಮಾನ ನಿಲ್ದಾಣಗಳ ನಡುವಿನ ಫಾಸ್ಲೆಯನ್ನು ಅಳೆಯಹೊರಟರೆ ಈ ಎರಡೂ ಅರ್ಥಗಳು ಬೇಕಾಗುತ್ತವೆ.

ನೇರವಾಗಿ ಅಳೆದರೆ ದೂರ ಸುಮಾರು 875 ಕಿ.ಮೀ. ಮುಂಬಯಿಗೆ ದಿಲ್ಲಿಗಿಂತಲೂ ಕರಾಚಿಯೇ ಹತ್ತಿರ. ಜೆಟ್ ವಿಮಾನಕ್ಕೆ ಇದು ಒಂದೂವರೆ ಗಂಟೆಯ ಹಾದಿ.

ಈ ಹಾದಿಯಿಂದಲೇ ನಮ್ಮ ನಾಗರಿಕ ವಿಮಾನಯಾನದ ಕಥೆ ಶುರುವಾಗುತ್ತದೆ. 1932ರ ಅಕ್ಟೋಬರ್ 15ರಂದು 28 ವರ್ಷದ ಜೆ.ಆರ್.ಡಿ. ಟಾಟಾ, ಲಂಡನ್ನಿನಿಂದ ಕರಾಚಿಗೆ ಬಂದ ಟಪಾಲನ್ನು ‘ಪುಸ್ ಮಾತ್’ ಎಂಬ ಪುಟ್ಟ ವಿಮಾನದಲ್ಲಿ ಹೊತ್ತು ಬೆಳಿಗ್ಗೆ ಹೊರಟರು. ಅಹಮದಾಬಾದಿನಲ್ಲಿ ಇಂಧನ ತುಂಬಿಸಿಕೊಂಡು ಮಧ್ಯಾಹ್ನ ಜುಹುವಿನಲ್ಲಿ ಇಳಿದಾಗ ಏಳು ಗಂಟೆ ದಾಟಿತ್ತು. ಅಲ್ಲಿಂದ ಮುಂದೆ ಟಪಾಲನ್ನು ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಹೀಗೆ ನಮ್ಮ ಬಳ್ಳಾರಿಯೂ ಕರಾಚಿಯೂ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಾಗಿದ್ದವು.

ಹದಿನೈದು ವರ್ಷಗಳಲ್ಲಿ ಆ ದಾರದ ನಡುವೆ ಗಡಿ ಬಂತು. ವಿಮಾನಗಳ ವೇಗ ಹೆಚ್ಚಿತು. ಹಾದಿ ಮಾತ್ರ ಮತ್ತೆ ಮತ್ತೆ ಮುಚ್ಚಿತು. 1965ರಲ್ಲಿ ಯುದ್ಧ. 1971ರ ಜನವರಿ 30ರಂದು ‘ಗಂಗಾ’ ಎಂಬ ಭಾರತದ ವಿಮಾನವನ್ನು ಲಾಹೋರಿಗೆ ಅಪಹರಿಸಿ ಸುಟ್ಟ ಮೇಲೆ ಭಾರತ ತನ್ನ ಆಕಾಶವನ್ನು ಪಾಕಿಸ್ತಾನಕ್ಕೆ ಮುಚ್ಚಿತು. ಆ ದೇಶದ ಎರಡು ಭಾಗಗಳ ನಡುವಿನ ವಿಮಾನಗಳು ಸಿಂಹಳವನ್ನು ಸುತ್ತಿ ಹೋಗಬೇಕಾಯಿತು. ಹಾದಿ ತೆರೆದದ್ದು 1976ರಲ್ಲಿ. ಸಂಸತ್ ಭವನದ ಮೇಲಿನ ದಾಳಿಯ ನಂತರ 2002ರ ಜನವರಿಯಲ್ಲಿ ಮತ್ತೆ ಮುಚ್ಚಿ, 2004ರ ಜನವರಿಯಲ್ಲಿ ತೆರೆಯಿತು. 2019ರ ನಂತರ ಎರಡು ದೇಶಗಳ ನಡುವೆ ನೇರ ವಿಮಾನವೇ ಇಲ್ಲವಾಯಿತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ಹತ್ಯಾಕಾಂಡದ ಬಳಿಕ ಒಬ್ಬರ ಆಕಾಶದಲ್ಲಿ ಇನ್ನೊಬ್ಬರ ವಿಮಾನ ಹಾರುವುದೂ ನಿಂತಿತು.

ನೇರ ಹಾದಿ ಇಲ್ಲವಾದ ಮೇಲೆ ಉಳಿದದ್ದು ದುಬೈಯಂಥ ಸುತ್ತು ದಾರಿ. 875 ಕಿ.ಮೀ. ದಾಟಲು ಮೂರು ಸಾವಿರಕ್ಕೂ ಹೆಚ್ಚು ಕಿ.ಮೀ. ಹಾರಬೇಕು. ಮುಂಬಯಿಯಿಂದ ದುಬೈಗೆ ಮೂರು ಗಂಟೆಗೂ ಮೇಲೆ, ಅಲ್ಲಿಂದ ಕರಾಚಿಗೆ ಎರಡು ಗಂಟೆ. ನಡುವೆ ಕಾಯುವ ಹೊತ್ತನ್ನು ಸೇರಿಸಿದರೆ, 1932ರ ಆ ಪುಟ್ಟ ವಿಮಾನವೇ ಬೇಗ ಮುಟ್ಟುತ್ತಿತ್ತು.

ಇದು ವೀಸಾ ಸಿಕ್ಕವರ ಲೆಕ್ಕ. ಕರಾಚಿಯ ಭಾರತೀಯ ದೂತಾವಾಸ 1994ರಲ್ಲಿ ಮುಚ್ಚಿದ ಮೇಲೆ ಅಲ್ಲಿನವರ ಅರ್ಜಿ ಇಸ್ಲಾಮಾಬಾದಿಗೆ ಹೋಗಬೇಕಾಯಿತು. ಅದು ಕರಾಚಿಗೆ ಮುಂಬಯಿಗಿಂತ ದೂರದ ಊರು! ವೀಸಾ ಸಿಕ್ಕರೂ ಅದು ದೇಶಕ್ಕಲ್ಲ, ಹೆಸರಿಸಿದ ಊರುಗಳಿಗೆ ಮಾತ್ರ. ಹೋದಲ್ಲಿ ಪೊಲೀಸ್ ಠಾಣೆಗೆ ಹಾಜರಿ ಬೇರೆ.

ಸರಕಾರಗಳಿಗೆ ತಮ್ಮ ಕಾರಣಗಳಿವೆ. ನೆತ್ತರು ಹರಿದಾಗ ಬಾಗಿಲು ಹಾಕಬೇಡಿ ಎನ್ನುವ ಧೈರ್ಯ ನಮಗೂ ಇಲ್ಲ. ಆದರೆ ಬಾಗಿಲು ಹಾಕಿದಾಗ ಹೊರಗೆ ಉಳಿಯುವವರು ಯಾರೆಂದು ಕೇಳಬೇಕು. ಬಾಂಬು ಇಡುವವನು ವೀಸಾದ ಸಾಲಿನಲ್ಲಿ ನಿಲ್ಲುವುದಿಲ್ಲ. ಅಲ್ಲಿ ನಿಲ್ಲುವುದು ಅಣ್ಣನ ಜನಾಜಾಕ್ಕೆ ಹೆಗಲು ಕೊಡಲಾಗದ ತಮ್ಮ, ತವರಿನ ಮದುವೆಯನ್ನು ಫೋನಿನಲ್ಲಿ ಕೇಳುವ ಮುದುಕಿ.

1982ರಲ್ಲಿ, ತಮ್ಮ 78ನೆಯ ವಯಸ್ಸಿನಲ್ಲಿ, ಟಾಟಾ ಅದೇ ಹಾದಿಯಲ್ಲಿ ಮತ್ತೊಮ್ಮೆ ಪುಟ್ಟ ವಿಮಾನವನ್ನು ಒಬ್ಬರೇ ಹಾರಿಸಿ ಕರಾಚಿಯಿಂದ ಮುಂಬಯಿಗೆ ಬಂದರು. ಎರಡು ಯುದ್ಧಗಳು ಮುಗಿದ ಮೇಲೂ ಆ ಹಾದಿ ತೆರೆದಿತ್ತು ಎಂಬುದನ್ನು ನಾವು ಮರೆಯಬಾರದು.