ನೆಲಗಡಲೆಯ ಎಣ್ಣೆಯೂ ಡೀಸೆಲ್ ಯಂತ್ರವೂ

ರುಡಾಲ್ಫ್ ಡೀಸೆಲನು ತನ್ನ ಯಂತ್ರವನ್ನು ನೆಲಗಡಲೆಯ ಎಣ್ಣೆಗಾಗಿಯೇ ರಚಿಸಿದನೆಂಬ, ಕಲ್ಲೆಣ್ಣೆಯ ವ್ಯಾಪಾರಿಗಳು ಮುಂದೆ ಅದನ್ನು ತಮ್ಮ ವಶಮಾಡಿಕೊಂಡರೆಂಬ ಕಥೆಯೊಂದು ಬಹಳವಾಗಿ ಪ್ರಚಾರದಲ್ಲಿದೆ. ಕಥೆ ಸೊಗಸಾಗಿಯೇ ಇದೆ. ಆದರೆ ಅದಕ್ಕೆ ವಿರುದ್ಧವಾಗಿ ಸಾಕ್ಷಿ ನುಡಿದವನು ಸ್ವತಃ ಡೀಸೆಲನೇ ಎಂಬುದನ್ನು ನಾವು ಗಮನಿಸಬೇಕು.

1893ರ ಸುಮಾರಿಗೆ ಅವನು ಕಲ್ಲಿದ್ದಲಿನ ಪುಡಿಯನ್ನೂ ಇಂಧನವಾಗಿ ಎಣಿಸಿದ್ದನು. 1897ರಲ್ಲಿ ಔಗ್ಸ್‌ಬುರ್ಗಿನಲ್ಲಿ ಯಶಸ್ವಿಯಾಗಿ ಪರೀಕ್ಷೆಗೊಂಡ ಯಂತ್ರ ನಡೆದುದು ಸೀಮೆಎಣ್ಣೆಯಿಂದ. ನೆಲಗಡಲೆಯ ಪ್ರಸ್ತಾಪ ಬರುವುದು 1900ರ ಪ್ಯಾರಿಸ್ ಪ್ರದರ್ಶನದ ಸಂದರ್ಭದಲ್ಲಿ. 1912ರಲ್ಲಿ ಇಂಗ್ಲೆಂಡಿನ ಇಂಜಿನಿಯರುಗಳ ಮುಂದೆ ಡೀಸೆಲನು ತಿಳಿಸಿದಂತೆ, ಅಲ್ಲಿ ಆಟೋ ಕಂಪೆನಿಯವರು ಇಟ್ಟಿದ್ದ ಚಿಕ್ಕ ಯಂತ್ರವು ಫ್ರೆಂಚ್ ಸರ್ಕಾರದ ಕೋರಿಕೆಯ ಮೇರೆಗೆ ಈ ಎಣ್ಣೆಯಿಂದ ಓಡಿತು. ಖನಿಜತೈಲಕ್ಕೆಂದು ನಿರ್ಮಿಸಿದ ಯಂತ್ರವದು. ಯಾವ ಮಾರ್ಪಾಟನ್ನೂ ಮಾಡಿರಲಿಲ್ಲ. ಅದು ಎಷ್ಟು ಸಲೀಸಾಗಿ ನಡೆಯಿತೆಂದರೆ, ಇಂಧನ ಬೇರೆಯದೆಂದು ಅರಿತವರೇ ವಿರಳ.

ಸರ್ಕಾರಕ್ಕೆ ಈ ಆಸಕ್ತಿ ಏತಕ್ಕೆ? ಆಫ್ರಿಕದ ವಸಾಹತುಗಳು ಕಲ್ಲಿದ್ದಲನ್ನೂ ದ್ರವ ಇಂಧನವನ್ನೂ ಹೊರಗಿನಿಂದ ತರಿಸದೆ, ತಮ್ಮ ನೆಲದ ಬೆಳೆಯಿಂದಲೇ ಶಕ್ತಿಯನ್ನು ಪಡೆಯಬೇಕೆಂಬುದು ಆಲೋಚನೆ. ಇದನ್ನು ಸ್ವಾವಲಂಬನೆಯೆಂದು ಕರೆಯಲು ನಾವು ಹಿಂಜರಿಯುತ್ತೇವೆ. ಆ ಕಾಲದಲ್ಲಿ ಸೆನೆಗಾಲಿನ ರೈತ ಬೆಳೆದ ನೆಲಗಡಲೆ ಮಾರ್ಸೇಲ್ಸ್, ಬೋರ್ಡೋ ರೇವುಗಳನ್ನು ಸೇರಿ ಎಣ್ಣೆ ಸಾಬೂನುಗಳಾಗುತ್ತಿದ್ದಿತು. ಉಳಿತಾಯ ಯಾರದಾಗುತ್ತಿತ್ತೆಂಬ ಪ್ರಶ್ನೆಯನ್ನು ಪ್ರದರ್ಶನದಲ್ಲಿ ಕೇಳುವವರು ಇದ್ದಿರಲಾರರು.

ಆ ಪ್ರಯೋಗ ಅಷ್ಟಕ್ಕೇ ನಿಂತುದಕ್ಕೆ ಪಿತೂರಿಯನ್ನು ಹುಡುಕಬೇಕಾಗಿಲ್ಲ. ಖನಿಜತೈಲ ಅಗ್ಗವಾಗಿತ್ತು, ಯಂತ್ರಗಳೂ ಅದಕ್ಕೆ ಹೊಂದುವಂತೆಯೇ ಬೆಳೆದವು. ಸಸ್ಯತೈಲದ ಸ್ನಿಗ್ಧತೆಯಾದರೋ ಡೀಸೆಲ್ ತೈಲದ ಸುಮಾರು ಹತ್ತು ಮಡಿ. ಅದು ಸಣ್ಣ ತುಂತುರಾಗಿ ಸಿಡಿಯದೆ ಅರೆಬೆಂದು, ಸಿಂಪಡಿಕೆಯ ಮೂತಿಯಲ್ಲಿ ಮಸಿ ಕಟ್ಟುತ್ತದೆ. ಪ್ರದರ್ಶನದ ಕೆಲವು ಗಂಟೆಗಳಲ್ಲಿ ಕಾಣದ ಈ ದೋಷ ದೀರ್ಘಕಾಲದ ಬಳಕೆಯಲ್ಲಿ ಕಾಣುತ್ತದೆ.

ಇದಕ್ಕೆ ಪರಿಹಾರ ಯಂತ್ರಶಿಲ್ಪಿಯಿಂದಲ್ಲ, ರಸಾಯನಶಾಸ್ತ್ರಜ್ಞನಿಂದ ಬಂದಿತು. ಬ್ರಸೆಲ್ಸ್ ವಿಶ್ವವಿದ್ಯಾನಿಲಯದ ಜಿ. ಶವಾನ್ ಎಂಬವರಿಗೆ 1937ರ ಆಗಸ್ಟ್ 31ರಂದು ಬೆಲ್ಜಿಯಂನ 422877ನೆಯ ಪೇಟೆಂಟು ದೊರೆಯಿತು. ಎಣ್ಣೆಯನ್ನು ಆಲ್ಕೊಹಾಲಿನೊಡನೆ ವರ್ತಿಸುವಂತೆ ಮಾಡಿ, ಗ್ಲಿಸರಿನನ್ನು ಬೇರ್ಪಡಿಸಿ, ತೆಳುವಾದ ಎಸ್ಟರನ್ನು ಪಡೆಯುವ ಕ್ರಮವಿದು. ಇಂದು ಬಯೋಡೀಸೆಲ್ ಎನ್ನುವುದು ಇದರ ಸಂತತಿಯೇ. 1938ರಲ್ಲಿ ಬ್ರಸೆಲ್ಸ್ ಮತ್ತು ಲೂವೆನ್ ನಡುವೆ ಪ್ರಯಾಣಿಕರ ಬಸ್ಸೊಂದು ತಾಳೆಯೆಣ್ಣೆಯ ಎಥಿಲ್ ಎಸ್ಟರಿನಿಂದ ಓಡಿತು. ಈ ಸಂಶೋಧನೆಯ ವಿಸ್ತಾರವಾದ ವರದಿ 1942ರಲ್ಲಿ ಅಚ್ಚಾದುದು ಬೆಲ್ಜಿಯನ್ ಕಾಂಗೋದ ಕೃಷಿ ಪತ್ರಿಕೆಯಲ್ಲಿ.